ಐಪಿ ವಿಳಾಸದ ಖಾತೆ ಯಾರ ಹೆಸರಿನಲ್ಲಿದೆ? ಬೇರಿನಿಂದ ಹುಡುಕುವ ಬಗೆ

ಸರ್ವರ್‌ನ ಲಾಗ್ (ಬಂದುಹೋದವರ ದಾಖಲೆ) ತೆರೆದಿದ್ದೀರಿ. ಒಂದೇ ಐಪಿ ವಿಳಾಸದಿಂದ, ಅಂದರೆ ಇಂಟರ್ನೆಟ್‌ನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆಯಿಂದ, ರಾತ್ರಿಯಿಡೀ ಸಾವಿರಾರು ಬಾರಿ ಪಾಸ್‌ವರ್ಡ್ ಊಹಿಸುವ ಪ್ರಯತ್ನ ನಡೆದಿದೆ. ಯಾರದು ಈ ವಿಳಾಸ? ಯಾವುದಾದರೂ ಜಾಲತಾಣದಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಭೂಪಟದ ಮೇಲೊಂದು ಚುಕ್ಕೆ ಮೂಡುತ್ತದೆ, ಪಕ್ಕದಲ್ಲಿ ಒಂದು ನಗರದ ಹೆಸರು ಕಾಣುತ್ತದೆ. ಬಹಳಷ್ಟು ಜನ ಅಲ್ಲಿಗೇ ನಿಲ್ಲುತ್ತಾರೆ. ಆ ಚುಕ್ಕೆ ಬರಿಯ ಅಂದಾಜು. ನಿಜವಾದ ದಾಖಲೆ ಇರುವುದು ಈ ವಿಳಾಸಗಳನ್ನು ಹಂಚಿ ಲೆಕ್ಕವಿಡುವ, ಜಗತ್ತಿನ ಐದು ಪ್ರಾದೇಶಿಕ ರಿಜಿಸ್ಟ್ರಿಗಳ ಪುಸ್ತಕಗಳಲ್ಲಿ. ಅವನ್ನು ಯಾರು ಬೇಕಾದರೂ ಕಾಸು ಕೊಡದೆ ತೆರೆದು ನೋಡಬಹುದು, ಓದುವ ಕ್ರಮ ತಿಳಿದಿದ್ದರೆ ಸಾಕು.

ಹೊಲದ ಖಾತೆ ಒಬ್ಬರ ಹೆಸರಿನಲ್ಲಿರುತ್ತದೆ, ಉಳುವವರು ಇನ್ನೊಬ್ಬರಾಗಿರುತ್ತಾರೆ, ರಾತ್ರಿ ಅದೇ ಹೊಲಕ್ಕೆ ನುಗ್ಗಿದವರು ಮತ್ತೊಬ್ಬರು. ಐಪಿ ವಿಳಾಸದ ಕಥೆಯೂ ಇದೇ. ರಿಜಿಸ್ಟ್ರಿ ತಿಳಿಸುವುದು ಖಾತೆದಾರರ ಹೆಸರನ್ನು ಮಾತ್ರ. ಇದೊಂದನ್ನು ನೆನಪಿನಲ್ಲಿಟ್ಟುಕೊಂಡು ಕೆಳಗಿನ ಹಂತಗಳನ್ನು ಓದಿ.

ಹಂತ 1: ಅದು ಸಾರ್ವಜನಿಕ ವಿಳಾಸವೇ ನೋಡಿ

10ರಿಂದ ಆರಂಭವಾಗುವ ವಿಳಾಸಗಳು, 172.16ರಿಂದ 172.31ರವರೆಗಿನವು, 192.168ರಿಂದ ಆರಂಭವಾಗುವವು ಯಾರ ಸ್ವತ್ತೂ ಅಲ್ಲ. ಮನೆ, ಕಚೇರಿಗಳ ಒಳಜಾಲಕ್ಕೆಂದು 1996ರಲ್ಲಿಯೇ ಇವನ್ನು ಬಿಟ್ಟುಕೊಡಲಾಗಿದೆ. 127 ಎಂದರೆ ಯಂತ್ರ ತನ್ನನ್ನೇ ಕರೆದುಕೊಳ್ಳುವ ವಿಳಾಸ. 100.64ರಿಂದ 100.127ರವರೆಗಿನದು ಮೊಬೈಲ್ ಮತ್ತು ಬ್ರಾಡ್‌ಬ್ಯಾಂಡ್ ಕಂಪನಿಗಳು ತಮ್ಮ ಗ್ರಾಹಕರ ನಡುವೆ ಒಳಗೊಳಗೇ ಬಳಸಲು 2012ರಲ್ಲಿ ಮೀಸಲಿಟ್ಟ ಪಟ್ಟಿ. 192.0.2, 198.51.100 ಮತ್ತು 203.0.113ರಿಂದ ಆರಂಭವಾಗುವ ಮೂರು ಪುಟ್ಟ ಬ್ಲಾಕ್‌ಗಳು ಪಠ್ಯಗಳಲ್ಲಿ ಉದಾಹರಣೆ ಕೊಡುವುದಕ್ಕೆಂದೇ ಇವೆ. ನಿಮ್ಮ ಲಾಗ್‌ನಲ್ಲಿ ಇಂಥವು ಕಂಡರೆ ಹುಡುಕಾಟ ಹೊರಗಿನ ಪುಸ್ತಕಗಳಲ್ಲಿ ಆಗಬೇಕಿಲ್ಲ, ನಿಮ್ಮದೇ ಜಾಲದ ಒಳಗೆ ಆಗಬೇಕು.

ಹಂತ 2: ಮೊದಲ ಸಂಖ್ಯೆಯನ್ನು ಐಯಾನಾ ಪಟ್ಟಿಯಲ್ಲಿ ಹುಡುಕಿ

ಚುಕ್ಕಿಗಳ ನಡುವೆ ನಾಲ್ಕು ಸಂಖ್ಯೆಗಳಿರುವ ಹಳೆಯ ಬಗೆಯ ವಿಳಾಸ, ಅಂದರೆ ಐಪಿವಿ4, 32 ಬಿಟ್‌ಗಳದ್ದು. ಒಟ್ಟು ಸುಮಾರು 429 ಕೋಟಿ ವಿಳಾಸಗಳು. ಮೊದಲ ಚುಕ್ಕಿಗೆ ಮುಂಚಿನ ಸಂಖ್ಯೆ 0ಯಿಂದ 255ರವರೆಗೆ ಏನಾದರೂ ಆಗಿರಬಹುದಾದ್ದರಿಂದ ಇಡೀ ಜಾಗವನ್ನು 256 ದೊಡ್ಡ ತುಂಡುಗಳೆಂದು ಎಣಿಸುತ್ತಾರೆ. ಒಂದೊಂದು ತುಂಡಿನಲ್ಲಿ 1,67,77,216 ವಿಳಾಸಗಳು. ಜಾಲದವರ ಭಾಷೆಯಲ್ಲಿ ಇದು 'ಸ್ಲ್ಯಾಷ್ ಎಂಟು', ಬರೆಯುವುದು /8 ಎಂದು. ಸ್ಲ್ಯಾಷ್ ನಂತರದ ಸಂಖ್ಯೆ ಒಂದು ಹೆಚ್ಚಾದರೆ ಬ್ಲಾಕ್ ಅರ್ಧಕ್ಕೆ ಇಳಿಯುತ್ತದೆ: /24 ಎಂದರೆ 256 ವಿಳಾಸ, /23 ಎಂದರೆ 512, /22 ಎಂದರೆ 1,024.

ಈ 256 ತುಂಡುಗಳ ಮೂಲ ಪಟ್ಟಿ ಐಯಾನಾ, ಅಂದರೆ ಇಂಟರ್ನೆಟ್ ಅಸೈನ್ಡ್ ನಂಬರ್ಸ್ ಅಥಾರಿಟಿಯ ಬಳಿಯಿದೆ. ಪುಟ ತೆರೆದು ನಿಮ್ಮ ವಿಳಾಸದ ಮೊದಲ ಸಂಖ್ಯೆಯ ಸಾಲಿಗೆ ಹೋಗಿ. ಎದುರಿಗೆ ಮೂರು ಪದಗಳಲ್ಲೊಂದು ಇರುತ್ತದೆ: ಹಂಚಿಕೆಯಾಗಿದೆ, ಹಳೆಯ ಕಾಲದ್ದು, ಕಾಯ್ದಿರಿಸಲಾಗಿದೆ. 103ರ ಎದುರು ಏಷ್ಯಾ-ಪೆಸಿಫಿಕ್‌ನ ಎಪ್‌ನಿಕ್ ಹೆಸರು, 193ರ ಎದುರು ಯುರೋಪಿನ ರೈಪ್ ಎನ್‌ಸಿಸಿ. 17ರ ಸಾಲಿಗೆ ಹೋದರೆ ಆ್ಯಪಲ್, 19ರ ಸಾಲಿಗೆ ಹೋದರೆ ಕಾರು ತಯಾರಿಸುವ ಫೋರ್ಡ್. ಒಂದೊಂದು ಕಂಪನಿಗೆ 1.67 ಕೋಟಿ ವಿಳಾಸ!

ಇದು ಹೇಗಾಯಿತು ಎಂದು ಕೇಳಿಯೇ ಕೇಳುತ್ತೀರಿ. ಆರಂಭದ ದಿನಗಳಲ್ಲಿ ಸಂಖ್ಯೆಗಳ ಲೆಕ್ಕವಿಟ್ಟವರಲ್ಲಿ ಮುಖ್ಯರಾದವರು ಜಾನ್ ಪೋಸ್ಟೆಲ್. ಆಗ ಕೇಳುವವರು ಕಡಿಮೆ, ಜಾಗ ಧಾರಾಳ. ಕೊಡುವ ಅಳತೆಗಳು ಮಾತ್ರ ಮೂರೇ: 1.67 ಕೋಟಿ, 65,536 ಅಥವಾ 256. ಎರಡು ಸಾವಿರ ಯಂತ್ರಗಳಿರುವ ಸಂಸ್ಥೆಗೆ 256 ಸಾಲದು, ಹಾಗಾಗಿ 65,536 ಸಿಗುತ್ತಿತ್ತು. ಉಳಿದದ್ದು ಪಾಳು. ಆ ಕಾಲದವರನ್ನು ಬೈಯುವುದು ಸುಲಭ, ಆದರೆ ಜಗತ್ತಿನ ಪ್ರತಿಯೊಬ್ಬರ ಜೇಬಿನಲ್ಲೂ ಒಂದು ಕಂಪ್ಯೂಟರ್ ಇರುತ್ತದೆ ಎಂದು ಆಗ ಯಾರು ಎಣಿಸಿದ್ದರು? 1993ರಲ್ಲಿ ಈ ಮೂರು ಅಳತೆಗಳ ಪದ್ಧತಿಯನ್ನು ಕೈಬಿಟ್ಟು, ಬೇಕಾದಷ್ಟೇ ಗಾತ್ರದ ಬ್ಲಾಕ್ ಕತ್ತರಿಸುವ ಕ್ರಮ ಬಂತು. ಅಷ್ಟರಲ್ಲಿ ದೊಡ್ಡ ತುಂಡುಗಳು ಹಲವರ ಪಾಲಾಗಿದ್ದವು. ಐಯಾನಾ ಪಟ್ಟಿಯಲ್ಲಿ 'ಲೆಗಸಿ' ಎಂಬ ಪದ ಕಂಡರೆ ಅದು ಈ ಹಳೆಯ ಕಾಲದ ಹಂಚಿಕೆ ಎಂದು ತಿಳಿಯಿರಿ.

ಇನ್ನು ಕಾಯ್ದಿರಿಸಿದ ತುಂಡುಗಳು. 224ರಿಂದ 239ರವರೆಗಿನ ಹದಿನಾರು ಮಲ್ಟಿಕ್ಯಾಸ್ಟ್‌ಗೆ (ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳಿಸಲು), 240ರಿಂದ 255ರವರೆಗಿನ ಹದಿನಾರು ಮುಂದೆಂದಾದರೂ ಬೇಕಾದೀತೆಂದು ಎತ್ತಿಟ್ಟದ್ದು. ಇವುಗಳ ಜೊತೆ 0, 10 ಮತ್ತು 127ನ್ನೂ ಕಳೆದರೆ ಉಳಿಯುವುದು 221 ತುಂಡು, ಅಂದರೆ ಸುಮಾರು 370 ಕೋಟಿ ವಿಳಾಸ. ಇಡೀ ಭೂಮಿಯ ಜಗಳ ಇಷ್ಟಕ್ಕೇ.

ಹಂತ 3: ಯಾವ ರಿಜಿಸ್ಟ್ರಿಯ ಬಾಗಿಲು ತಟ್ಟಬೇಕು?

ಪ್ರದೇಶಗಳಿಗೆ ಹಂಚುವ ವಿಚಾರ 1992ರಲ್ಲಿ ರೂಪುಗೊಂಡಿತು. ಅದೇ ವರ್ಷ ಯುರೋಪಿಗೆ ರೈಪ್ ಎನ್‌ಸಿಸಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕೆಲಸ ಆರಂಭಿಸಿತು. ಮರುವರ್ಷ ಟೋಕಿಯೋದಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಎಪ್‌ನಿಕ್ ಈಗ ಬ್ರಿಸ್ಬೇನ್‌ನಲ್ಲಿದೆ. ಉತ್ತರ ಅಮೆರಿಕದ ಏರಿನ್ 1997ರಲ್ಲಿ, ಲ್ಯಾಟಿನ್ ಅಮೆರಿಕದ ಲ್ಯಾಕ್‌ನಿಕ್ 2002ರಲ್ಲಿ ಮಾನ್ಯತೆ ಪಡೆದು ಮಾಂಟೆವಿಡಿಯೋದಲ್ಲಿ, ಆಫ್ರಿಕಾದ ಆಫ್ರಿನಿಕ್ 2005ರಲ್ಲಿ ಮಾರಿಷಸ್‌ನಲ್ಲಿ ನೆಲೆಗೊಂಡವು. ಇವು ಸರ್ಕಾರಿ ಇಲಾಖೆಗಳಲ್ಲ. ಸದಸ್ಯರ ಶುಲ್ಕದಲ್ಲಿ ನಡೆಯುವ, ಲಾಭದ ಉದ್ದೇಶವಿಲ್ಲದ ಸಂಸ್ಥೆಗಳು. ನಿಯಮಗಳನ್ನು ಆಯಾ ಪ್ರದೇಶದ ಜಾಲ ನಡೆಸುವವರೇ ಚರ್ಚಿಸಿ ಮಾಡಿಕೊಳ್ಳುತ್ತಾರೆ. ಐಯಾನಾ ರಿಜಿಸ್ಟ್ರಿಗಳಿಗೆ ಹೇಗೆ ಹಂಚಬೇಕೆಂಬ ನಿಯಮ ಮಾಡಬೇಕಾದರೆ ಐದೂ ಪ್ರದೇಶಗಳು ಒಂದೇ ಪಠ್ಯಕ್ಕೆ ಒಪ್ಪಬೇಕು.

ಗಡಿಗಳು ಖಂಡಗಳ ಗಡಿಯಂತೆಯೇ ಇರುತ್ತವೆ ಎಂದುಕೊಂಡರೆ ಎಡವುತ್ತೀರಿ. ಮೆಕ್ಸಿಕೋ ಲ್ಯಾಕ್‌ನಿಕ್‌ಗೆ ಸೇರಿದೆ, ಏರಿನ್‌ಗಲ್ಲ. ಇರಾನ್ ರೈಪ್ ಎನ್‌ಸಿಸಿಯ ಪಾಲು, ಪಕ್ಕದ ಅಫ್ಘಾನಿಸ್ತಾನ ಎಪ್‌ನಿಕ್‌ನದು. ಕೆರಿಬಿಯನ್ ದ್ವೀಪಗಳು ಎರಡು ರಿಜಿಸ್ಟ್ರಿಗಳ ನಡುವೆ ಹಂಚಿಹೋಗಿವೆ. ಅಂಟಾರ್ಕ್ಟಿಕಾ ಕೂಡ ಅನಾಥವಲ್ಲ, ಅದು ಏರಿನ್ ಲೆಕ್ಕದಲ್ಲಿದೆ.

ಕೆಲವೆಡೆ ಇನ್ನೂ ಒಂದು ಮೆಟ್ಟಿಲಿದೆ. ಎಪ್‌ನಿಕ್‌ನ ಕೆಳಗೆ ಜಪಾನ್‌ನ ಜೆಪಿನಿಕ್, ಚೀನಾದ ಸಿಎನ್‌ನಿಕ್, ಭಾರತದ ಐಆರ್‌ಐಎನ್‌ಎನ್‌ನಂಥ ರಾಷ್ಟ್ರೀಯ ರಿಜಿಸ್ಟ್ರಿಗಳಿವೆ. ಕೆಲವೊಮ್ಮೆ ವಿವರವಾದ ದಾಖಲೆ ಅಲ್ಲಿಯೇ ಸಿಗುತ್ತದೆ.

ಹಂತ 4: ದಾಖಲೆ ತರಿಸಿ ಓದಿ

ಹಳೆಯ ಸಾಧನ 'ಹೂ-ಈಸ್' (whois). ಟರ್ಮಿನಲ್‌ನಲ್ಲಿ ಆ ಆಜ್ಞೆಯ ಮುಂದೆ ವಿಳಾಸ ಬರೆದರೆ ಸಾಲು ಸಾಲು ಪಠ್ಯ ಬರುತ್ತದೆ. ಹೊಸದು 'ಆರ್‌ಡ್ಯಾಪ್' (RDAP). ಅದೇ ಮಾಹಿತಿಯನ್ನು ಒಂದೇ ಅಚ್ಚಿನಲ್ಲಿ ಕೊಡುತ್ತದೆ, ಮತ್ತು ಯಾವ ಬ್ಲಾಕ್‌ಗೆ ಯಾವ ಸರ್ವರ್ ಎಂಬ ಪಟ್ಟಿಯನ್ನು ಐಯಾನಾ ಪ್ರಕಟಿಸುವುದರಿಂದ ಪ್ರಶ್ನೆ ಸರಿಯಾದ ಬಾಗಿಲಿಗೇ ಹೋಗುತ್ತದೆ. ಪ್ರೋಗ್ರಾಂ ಬರೆಯುವವರು ಕಣ್ಣುಮುಚ್ಚಿ ಆರ್‌ಡ್ಯಾಪ್ ಆರಿಸಿಕೊಳ್ಳಲಿ. ಕಣ್ಣಿನಿಂದ ಓದುವುದಾದರೆ ನನಗೆ ಈಗಲೂ ಹೂ-ಈಸ್ ಇಷ್ಟ.

ಹೂ-ಈಸ್‌ನಲ್ಲಿ ಒಂದು ಹಳ್ಳವಿದೆ, ಅದರಲ್ಲಿ ನಾನೇ ಬಿದ್ದಿದ್ದೇನೆ. ತಪ್ಪು ರಿಜಿಸ್ಟ್ರಿಯನ್ನು ಕೇಳಿದರೆ ಅದು 'ನನಗೆ ಸಂಬಂಧವಿಲ್ಲ' ಎನ್ನುವುದನ್ನು ತನ್ನದೇ ರೀತಿಯಲ್ಲಿ ಹೇಳುತ್ತದೆ. ಏರಿನ್‌ನಲ್ಲಿ 193ರ ವಿಳಾಸ ಹುಡುಕಿದರೆ ಸಂಸ್ಥೆಯ ಹೆಸರಿನ ಜಾಗದಲ್ಲಿ ರೈಪ್ ಎನ್‌ಸಿಸಿ ಎಂದೇ ಬರುತ್ತದೆ. ಅದರ ಅರ್ಥ 'ಆ ರಿಜಿಸ್ಟ್ರಿಯನ್ನು ಕೇಳಿ' ಎಂದು. ಹೊಸಬರು ಅದನ್ನೇ ದಾಳಿಕೋರರ ಹೆಸರೆಂದು ಓದುತ್ತಾರೆ. ವರ್ಷಗಳ ಹಿಂದೆ ನಾನು ಹೀಗೆಯೇ ಓದಿ, ಒಂದು ರಿಜಿಸ್ಟ್ರಿಗೆ ಖಾರವಾಗಿ ದೂರು ಬರೆದಿದ್ದೆ. ನಾವು ಪುಸ್ತಕ ಇಡುವವರು, ಜಾಲ ನಡೆಸುವವರಲ್ಲ ಎಂಬ ಸೌಜನ್ಯದ ಉತ್ತರ ಬಂತು. ಅಂಥ ಪತ್ರಗಳನ್ನು ಅವರು ದಿನವೂ ಓದುತ್ತಿರಬೇಕು.

ಸರಿಯಾದ ದಾಖಲೆ ಸಿಕ್ಕಮೇಲೆ ಮೊದಲು ವ್ಯಾಪ್ತಿಯ ಸಾಲು ನೋಡಿ: ಬ್ಲಾಕ್ ಎಲ್ಲಿಂದ ಎಲ್ಲಿಯವರೆಗೆ ಹಬ್ಬಿದೆ. ಆಮೇಲೆ ಸ್ಟೇಟಸ್ ಸಾಲು. ಇಡೀ ದಾಖಲೆಯಲ್ಲಿ ಹೆಚ್ಚು ಅರ್ಥ ತುಂಬಿರುವುದು ಇಲ್ಲಿಯೇ, ಜನ ದಾಟಿಹೋಗುವುದೂ ಇದನ್ನೇ. 'ಅಲೊಕೇಟೆಡ್' ಎಂದಿದ್ದರೆ ಆ ಬ್ಲಾಕ್ ಇಂಟರ್ನೆಟ್ ಸೇವಾ ಕಂಪನಿಯಂಥವರಿಗೆ, ಮುಂದೆ ತಮ್ಮ ಗ್ರಾಹಕರಿಗೆ ಹಂಚಲೆಂದು ಕೊಟ್ಟದ್ದು. 'ಅಸೈನ್ಡ್' ಎಂದಿದ್ದರೆ ಅದು ಬಳಕೆದಾರರ ಕೈ ಸೇರಿದೆ, ಮುಂದಕ್ಕೆ ಹಂಚುವಂತಿಲ್ಲ. ಏರಿನ್ ಇದೇ ಸಂಗತಿಯನ್ನು ಬೇರೆ ಪದಗಳಲ್ಲಿ ಹೇಳುತ್ತದೆ: ನೇರ ಹಂಚಿಕೆ, ಮರುಹಂಚಿಕೆ. ನಿಮ್ಮ ವಿಳಾಸ ಬಿದ್ದಿರುವ ಅತಿ ಚಿಕ್ಕ ಬ್ಲಾಕ್ ಯಾವುದೋ ಅದರ ಖಾತೆದಾರರು ನಿಮಗೆ ಬೇಕಾದವರು. ರೈಪ್ ಎನ್‌ಸಿಸಿ ಮತ್ತು ಎಪ್‌ನಿಕ್‌ನ ಹೂ-ಈಸ್‌ನಲ್ಲಿ ಕ್ಯಾಪಿಟಲ್ 'ಎಲ್' ಆಯ್ಕೆ ಕೊಟ್ಟು ಕೇಳಿದರೆ ಚಿಕ್ಕ ಬ್ಲಾಕ್‌ನಿಂದ ಹಿಡಿದು ಅದರ ತಾಯಿ, ಅಜ್ಜಿ ಬ್ಲಾಕ್‌ಗಳವರೆಗೆ ವಂಶಾವಳಿಯೇ ಕಾಣುತ್ತದೆ.

ದೇಶದ ಸಂಕೇತವನ್ನು ಮಾತ್ರ ಅನುಮಾನದಿಂದ ನೋಡಿ. ಅನೇಕ ವೇಳೆ ಅದು ಖಾತೆದಾರ ಸಂಸ್ಥೆ ನೋಂದಣಿಯಾಗಿರುವ ದೇಶವನ್ನಷ್ಟೇ ತಿಳಿಸುತ್ತದೆ. ಒಂದು ದೇಶದಲ್ಲಿ ನೋಂದಣಿಯಾದ ಕಂಪನಿ ಇನ್ನೊಂದು ಖಂಡದ ಡೇಟಾ ಸೆಂಟರ್‌ನಲ್ಲಿ ಆ ವಿಳಾಸಗಳನ್ನು ಬಳಸುವುದು ನಿತ್ಯದ ಸಂಗತಿ. ದೇಶದ ಸಂಕೇತ ನೋಡಿ ಇಡೀ ಬ್ಲಾಕ್‌ಗೆ ಬಾಗಿಲು ಹಾಕುವ ಸರ್ವರ್ ನಿರ್ವಾಹಕರು, ಕಳ್ಳರಿಗಿಂತ ಹೆಚ್ಚಾಗಿ ಬಡಪಾಯಿ ಗ್ರಾಹಕರನ್ನೇ ಹೊರಗಿಡುತ್ತಾರೆ.

ಹಂತ 5: ಕೈ ಬದಲಾಗಿದೆಯೇ?

ಐಯಾನಾ ಪಟ್ಟಿ ತಿಳಿಸುವುದು ತುಂಡು ಮೊದಲು ಯಾರಿಗೆ ಹೋಯಿತು ಎಂಬುದನ್ನು. ಆಮೇಲಿನ ಮಾರಾಟ, ವರ್ಗಾವಣೆಗಳು ಅಲ್ಲಿ ಕಾಣುವುದಿಲ್ಲ. ಮಾರಾಟ ಏಕೆ ಶುರುವಾಯಿತೆಂದರೆ ಕಣಜ ಬರಿದಾಯಿತು. 2011ರ ಜನವರಿ 31ರಂದು ಎಪ್‌ನಿಕ್ ಎರಡು ತುಂಡು ಪಡೆದಾಗ ಐಯಾನಾ ಬಳಿ ಉಳಿದದ್ದು ಐದೇ. ಮೊದಲೇ ಒಪ್ಪಿಕೊಂಡ ನಿಯಮದಂತೆ ಫೆಬ್ರವರಿ 3ರಂದು ಮಯಾಮಿಯಲ್ಲಿ ಐದೂ ರಿಜಿಸ್ಟ್ರಿಗಳಿಗೆ ಒಂದೊಂದು ಕೊಟ್ಟರು: ಆಫ್ರಿನಿಕ್‌ಗೆ 102, ಎಪ್‌ನಿಕ್‌ಗೆ 103, ಏರಿನ್‌ಗೆ 104, ಲ್ಯಾಕ್‌ನಿಕ್‌ಗೆ 179, ರೈಪ್ ಎನ್‌ಸಿಸಿಗೆ 185. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಜನರಿರುವ ಪ್ರದೇಶಕ್ಕೂ ಒಂದೇ, ಉಳಿದವರಿಗೂ ಒಂದೇ. ಸಮಪಾಲು ಎಂದರೆ ನ್ಯಾಯವೇ ಎಂಬ ಪ್ರಶ್ನೆ ಆಗಲೂ ಇತ್ತು, ಆದರೆ ಬೇರೆ ಯಾವ ಸೂತ್ರಕ್ಕೂ ಐವರ ಒಪ್ಪಿಗೆ ಸುಲಭವಾಗಿ ಸಿಗುತ್ತಿರಲಿಲ್ಲ ಎಂದು ನನ್ನ ಎಣಿಕೆ.

ಎರಡೂವರೆ ತಿಂಗಳೊಳಗೆ, ಏಪ್ರಿಲ್ 15ರಂದು, ಎಪ್‌ನಿಕ್ ತನ್ನ ಕೊನೆಯ ತುಂಡಿಗೆ ಕೈಹಾಕಿತು. ಅಂದಿನಿಂದ ಒಬ್ಬ ಸದಸ್ಯರಿಗೆ ಅದರಿಂದ 1,024 ವಿಳಾಸಗಳ ಮಿತಿ, 2019ರಿಂದ ಅದೂ 512ಕ್ಕೆ ಇಳಿಯಿತು. ಏರಿನ್‌ನ ಸಾಮಾನ್ಯ ಕಣಜ 2015ರ ಸೆಪ್ಟೆಂಬರ್ 24ರಂದು ಬರಿದಾಯಿತು. ರೈಪ್ ಎನ್‌ಸಿಸಿಯದು 2019ರ ನವೆಂಬರ್ 25ರಂದು. ಅಲ್ಲೀಗ ಸರದಿ ಪಟ್ಟಿಯಿದೆ. ಯಾರಾದರೂ ಹಿಂದಿರುಗಿಸಿದ ವಿಳಾಸಗಳಲ್ಲಿ 256 ಸಿಗಬಹುದು, ಕಾಯಬೇಕು.

ಕಾಯಲಾರದವರು ಕೊಂಡುಕೊಳ್ಳುತ್ತಾರೆ. ದಿವಾಳಿಯಾದ ನಾರ್ಟೆಲ್ ಕಂಪನಿಯ 6,66,624 ವಿಳಾಸಗಳನ್ನು 2011ರಲ್ಲಿ ಮೈಕ್ರೋಸಾಫ್ಟ್ 75 ಲಕ್ಷ ಡಾಲರ್‌ಗೆ ಕೊಂಡದ್ದು ಆ ಮಾರುಕಟ್ಟೆಯ ಮೊದಲ ದೊಡ್ಡ ಸುದ್ದಿ. ಎಂಐಟಿ ವಿಶ್ವವಿದ್ಯಾಲಯ ತನ್ನ 18ರ ತುಂಡಿನಲ್ಲಿ ದೊಡ್ಡ ಪಾಲನ್ನು 2017ರಲ್ಲಿ ಮಾರಿತು, ಹವ್ಯಾಸಿ ರೇಡಿಯೋದವರು ತಮ್ಮ 44ರ ತುಂಡಿನ ಕಾಲುಭಾಗವನ್ನು 2019ರಲ್ಲಿ ಮಾರಿದರು. ಎರಡೂ ಸೇರಿದ್ದು ಅಮೆಜಾನ್‌ಗೆ. ಹಾಗಾಗಿ '18 ಎಂದರೆ ಎಂಐಟಿ' ಎಂಬ ಹಳಬರ ಬಾಯಿಪಾಠ ಇಂದು ನಿಮ್ಮನ್ನು ದಾರಿ ತಪ್ಪಿಸುತ್ತದೆ. ಪ್ರತಿ ರಿಜಿಸ್ಟ್ರಿಯೂ ವರ್ಗಾವಣೆಗಳ ಪಟ್ಟಿ ಪ್ರಕಟಿಸುತ್ತದೆ. ದಾಖಲೆಯಲ್ಲಿನ ದಿನಾಂಕ ಇತ್ತೀಚಿನದಾಗಿದ್ದರೆ ಅಲ್ಲೊಮ್ಮೆ ಹುಡುಕಿ.

ಹಂತ 6: ಒಟ್ಟು ಲೆಕ್ಕ ಬೇಕಿದ್ದರೆ ದಿನನಿತ್ಯದ ಫೈಲ್ ಇಳಿಸಿಕೊಳ್ಳಿ

ಒಂದು ದೇಶಕ್ಕೆ ಅಥವಾ ಪ್ರದೇಶಕ್ಕೆ ಎಷ್ಟು ವಿಳಾಸ ಹೋಗಿದೆ ಎಂದು ತಿಳಿಯಲು ಒಂದೊಂದಾಗಿ ಕೇಳಬೇಕಿಲ್ಲ. ಐದೂ ರಿಜಿಸ್ಟ್ರಿಗಳು ಪ್ರತಿದಿನ ಹಂಚಿಕೆಯ ಫೈಲ್ ಪ್ರಕಟಿಸುತ್ತವೆ, ಐದರದೂ ಒಂದೇ ಮಾದರಿ. ಲಂಬ ಗೆರೆಗಳಿಂದ ಬೇರ್ಪಟ್ಟ ಅಂಕಣಗಳು: ರಿಜಿಸ್ಟ್ರಿ, ದೇಶ, ಬಗೆ, ಆರಂಭದ ವಿಳಾಸ, ಪ್ರಮಾಣ, ದಿನಾಂಕ, ಸ್ಥಿತಿ. ಎಪ್‌ನಿಕ್ ಫೈಲ್‌ನಲ್ಲಿ ಐಪಿವಿ4 ಭಾಗದ ಮೊದಲ ಸಾಲು 1.0.0.0, 256, 20110811 ಎನ್ನುತ್ತದೆ. 1.0.0.0ಯಿಂದ ಆರಂಭವಾಗುವ 256 ವಿಳಾಸಗಳು, 2011ರ ಆಗಸ್ಟ್ 11ರಂದು ಕೊಟ್ಟದ್ದು ಎಂದರ್ಥ.

ಇಲ್ಲಿ ಎಲ್ಲರೂ ಮಾಡುವ ತಪ್ಪುಗಳು ಮೂರು. ಫೈಲ್‌ನ ಆರಂಭದಲ್ಲಿರುವ 'ಸಮ್ಮರಿ' ಸಾಲುಗಳನ್ನೂ ಸೇರಿಸಿ ಕೂಡುವುದು. ಪ್ರಮಾಣದ ಅಂಕಣ ಐಪಿವಿ4ರಲ್ಲಿ ವಿಳಾಸಗಳ ಎಣಿಕೆ, ಹೊಸ ಬಗೆಯ, ಹೆಚ್ಚು ಉದ್ದದ ಐಪಿವಿ6 ವಿಳಾಸಗಳಲ್ಲಿ ಸ್ಲ್ಯಾಷ್ ನಂತರದ ಸಂಖ್ಯೆ ಎಂಬುದನ್ನು ಮರೆಯುವುದು. ಮೂರನೆಯದು ಸೂಕ್ಷ್ಮ: ಐಪಿವಿ4ರ ಪ್ರಮಾಣ ಯಾವಾಗಲೂ ಎರಡರ ಘಾತವೇ ಆಗಿರುತ್ತದೆಂದು ನಂಬುವುದು. 768 ಎಂಬ ಸಾಲು ಕಂಡರೆ ಅದು ಒಂದು /23 ಮತ್ತು ಒಂದು /24 ಸೇರಿದ್ದು. ವಿಸ್ತೃತ ಮಾದರಿಯ ಫೈಲ್‌ನಲ್ಲಿ ಕೊನೆಗೊಂದು ಗುರುತಿನ ಸಂಕೇತ ಹೆಚ್ಚಿಗೆ ಇರುತ್ತದೆ. ಹೆಸರು ಹೇಳದಿದ್ದರೂ ಒಬ್ಬರೇ ಖಾತೆದಾರರ ಎಲ್ಲ ಸಾಲುಗಳಿಗೂ ಅದೇ ಸಂಕೇತ. ಒಬ್ಬರ ಬಳಿ ಒಟ್ಟು ಎಷ್ಟಿದೆ ಎಂದು ಕೂಡಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಐಪಿವಿ6 ವಿಳಾಸವಾಗಿದ್ದರೆ

ಇಲ್ಲಿ ಕೆಲಸ ಹಗುರ. 2006ರ ಅಕ್ಟೋಬರ್‌ನಲ್ಲಿ ಐಯಾನಾ ಪ್ರತಿ ರಿಜಿಸ್ಟ್ರಿಗೂ ಒಂದೊಂದು /12 ಕೊಟ್ಟಿತು. ವಿಳಾಸ 24ರಿಂದ ಆರಂಭವಾದರೆ ಎಪ್‌ನಿಕ್, 26 ಆದರೆ ಏರಿನ್, 28 ಆದರೆ ಲ್ಯಾಕ್‌ನಿಕ್, 2ಎ ಆದರೆ ರೈಪ್ ಎನ್‌ಸಿಸಿ, 2ಸಿ ಆದರೆ ಆಫ್ರಿನಿಕ್. 2001 ಎಂದು ಆರಂಭವಾದರೆ ಮಾತ್ರ ಪಟ್ಟಿ ತೆರೆಯಬೇಕು, ಆ ಹಳೆಯ ಭಾಗ ಚಿಕ್ಕ ಚಿಕ್ಕ ತುಂಡುಗಳಲ್ಲಿ ಐವರಿಗೂ ಹೋಗಿದೆ. ಒಂದು /12ರಲ್ಲಿ 10,48,576 /32ಗಳಿವೆ. ಸೇವಾ ಕಂಪನಿಯೊಂದಕ್ಕೆ ಸಾಮಾನ್ಯವಾಗಿ ಕೊಡುವ ಕನಿಷ್ಠ ಅಳತೆ /32, ಅದರೊಳಗೆ 65,536 /48ಗಳು. ಕೊಡುವಾಗ ಪಕ್ಕದ ಜಾಗವನ್ನು ಖಾಲಿ ಬಿಟ್ಟು ಕೊಡುವುದೂ ಉಂಟು: ನಾಳೆ ಅದೇ ಕಂಪನಿ ಬೆಳೆದರೆ ಒಂದೇ ದೊಡ್ಡ ಬ್ಲಾಕ್ ಆಗಿ ಹಿಗ್ಗಲಿ, ಜಾಲಗಳ ನಡುವೆ ದಾರಿ ತೋರುವ ರೂಟರ್‌ಗಳ ಪಟ್ಟಿಯಲ್ಲಿ ಸಾಲು ಹೆಚ್ಚಾಗದಿರಲಿ ಎಂದು. ಐಪಿವಿ4 ಕಲಿಸಿದ ಪಾಠವಿದು.

ಹಂತ 7: ದಾಖಲೆಯನ್ನು ರೂಟಿಂಗ್ ಜೊತೆ ತಾಳೆ ನೋಡಿ

ಖಾತೆ ಒಂದು ಕಡೆ, ಉಳುಮೆ ಇನ್ನೊಂದು ಕಡೆ ಎಂದೆನಲ್ಲ, ಅದು ಬಯಲಾಗುವುದು ಇಲ್ಲಿ. ರಿಜಿಸ್ಟ್ರಿಗೆ ರೂಟರ್‌ಗಳ ಮೇಲೆ ಯಾವ ಹಿಡಿತವೂ ಇಲ್ಲ. 2008ರ ಫೆಬ್ರವರಿ 24ರಂದು ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಹೋಗಿ ಯೂಟ್ಯೂಬ್‌ನ 208.65.153.0/24 ಬ್ಲಾಕ್ ತನ್ನ ಬಳಿಯಿದೆ ಎಂದು ರೂಟರ್‌ಗಳಿಗೆ ಸಾರಿತು. ಆ ಸಾರಿಕೆ ಗಡಿ ದಾಟಿತು. ಯೂಟ್ಯೂಬ್ ಸಾರುತ್ತಿದ್ದುದು ಅದನ್ನೊಳಗೊಂಡ /22, ರೂಟರ್‌ಗಳು ಆರಿಸುವುದು ಯಾವಾಗಲೂ ಹೆಚ್ಚು ಚಿಕ್ಕ ಬ್ಲಾಕ್ ಅನ್ನು. ಹಾಗಾಗಿ ಜಗತ್ತಿನ ಬಹುಭಾಗದಲ್ಲಿ ಯೂಟ್ಯೂಬ್ ಸುಮಾರು ಎರಡು ಗಂಟೆ ಕಾಲ ಸಿಗದಾಯಿತು. ಅಷ್ಟೂ ಹೊತ್ತು ರಿಜಿಸ್ಟ್ರಿಯ ಪುಸ್ತಕದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ.

ಆದ್ದರಿಂದ ಬ್ಲಾಕ್ ಅನ್ನು ಈಗ ಯಾವ ಎಎಸ್ ಸಂಖ್ಯೆ (ಒಂದೇ ಆಡಳಿತದಲ್ಲಿರುವ ಜಾಲದ ಗುರುತಿನ ಸಂಖ್ಯೆ) ಸಾರುತ್ತಿದೆ ಎಂದು ನೋಡಿ. ರೈಪ್ ಎನ್‌ಸಿಸಿಯ ರೈಪ್‌ಸ್ಟ್ಯಾಟ್ ಇದನ್ನು ಉಚಿತವಾಗಿ ತೋರಿಸುತ್ತದೆ. ಆ ಎಎಸ್ ಸಂಖ್ಯೆಯ ಖಾತೆದಾರರೂ ಬ್ಲಾಕ್‌ನ ಖಾತೆದಾರರೂ ಬೇರೆಯಾಗಿದ್ದರೆ ಬಾಡಿಗೆ ಇರಬಹುದು, ಗ್ರಾಹಕ ಸಂಬಂಧ ಇರಬಹುದು, ಕಳವೂ ಇರಬಹುದು. ಬಿಡಿಸುವ ಸುಳಿವು ಆರ್‌ಪಿಕೆಐ: 'ಈ ಬ್ಲಾಕ್ ಅನ್ನು ಈ ಎಎಸ್ ಸಾರಬಹುದು' ಎಂದು ಖಾತೆದಾರರು ಡಿಜಿಟಲ್ ಸಹಿ ಹಾಕಿ ರಿಜಿಸ್ಟ್ರಿಯ ಮೂಲಕ ಪ್ರಕಟಿಸುವ ಹೇಳಿಕೆ. ಸಹಿಯಲ್ಲಿರುವ ಸಂಖ್ಯೆ ಒಂದು, ಸಾರುತ್ತಿರುವ ಸಂಖ್ಯೆ ಇನ್ನೊಂದು ಎಂದಾದರೆ ತಪ್ಪು ಸಂರಚನೆಯೋ ದುರುದ್ದೇಶವೋ ಇರಲೇಬೇಕು.

ಹಂತ 8: ದೂರು ಬರೆಯಿರಿ

ದಾಖಲೆಯಲ್ಲಿ 'ಅಬ್ಯೂಸ್' ಎಂಬ ಹೆಸರಿನ ಸಂಪರ್ಕ ಇರುತ್ತದೆ, ಬರೆಯಬೇಕಾದದ್ದು ಅಲ್ಲಿಗೆ. ತಾಂತ್ರಿಕ ಸಂಪರ್ಕ, ಆಡಳಿತ ಸಂಪರ್ಕ ಎಂದು ಕಂಡವರಿಗೆಲ್ಲ ಒಂದೇ ಪತ್ರ ಕಳಿಸಬೇಡಿ. ಬೈಗುಳ ಬೇಡ. ಲಾಗ್‌ನ ಸಾಲುಗಳನ್ನು ತಿದ್ದದೆ ಹಾಕಿ. ಸಮಯವನ್ನು ಸೆಕೆಂಡ್‌ವರೆಗೆ, ಯಾವ ಕಾಲವಲಯ ಎಂಬುದರ ಸಮೇತ ಬರೆಯಿರಿ. ಮುಖ್ಯವಾಗಿ ದಾಳಿ ಬಂದ ಕಡೆಯ ಪೋರ್ಟ್ ಸಂಖ್ಯೆ, ಅಂದರೆ ಒಂದೇ ವಿಳಾಸದ ಬೇರೆ ಬೇರೆ ಸಂಪರ್ಕಗಳನ್ನು ಗುರುತಿಸುವ ಸಂಖ್ಯೆ, ಕೊಡಿ. ವಿಳಾಸಗಳ ಬರದಿಂದಾಗಿ ಎಷ್ಟೋ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ಹಲವಾರು ಗ್ರಾಹಕರಿಗೆ ಒಟ್ಟಿಗೆ ಹಂಚಿವೆ. ಅವರಲ್ಲಿ ಯಾರು ಎಂದು ಬೇರ್ಪಡಿಸುವುದು ಪೋರ್ಟ್ ಮತ್ತು ಸಮಯ ಎರಡೂ ಇದ್ದಾಗ ಮಾತ್ರ ಸಾಧ್ಯ. ಅನೇಕ ಸರ್ವರ್‌ಗಳು ಈ ಪೋರ್ಟ್ ಅನ್ನು ತಾವಾಗಿ ದಾಖಲಿಸುವುದಿಲ್ಲ. ನಿಮ್ಮದು ದಾಖಲಿಸುತ್ತಿದೆಯೇ ಎಂದು ಇವತ್ತೇ ಸೆಟ್ಟಿಂಗ್ ತೆರೆದು ನೋಡಿ.